ಕ್ರೈಸ್ತನ ಹೆಂಡತಿ ಏನಾದಳು?

ಚಿಕ್ಕಬಳ್ಳಾಪುರದ ನಮ್ಮ ಸಭೆಯಲ್ಲಿ ಕಳೆದ ಬೇಸಿಗೆ ರಜೆಯಲ್ಲಿ ನನಗೊಂದು ಕೆಲಸ ಒಪ್ಪಿಸಿದ್ರು. ಸಂಡೇ ಸ್ಕೂಲ್ ಮಕ್ಕಳಿಗೆ ‘ಯಾತ್ರಿಕನ ಸಂಚಾರ’ದ ಕಥೆ ಹೇಳೋದು. ಸಾಫ್ಟ್‌ವೇರ್‌ನವನು ತಾನೆ, ಲ್ಯಾಪ್‌ಟಾಪ್ ತರ್ತಾನೆ, ಮಕ್ಕಳು ಗಲಾಟೆ ಮಾಡದೆ ಕೂತ್ಕೋತಾರೆ ಅನ್ನೋದು ಅಯ್ಯನವರ ಲೆಕ್ಕ. ನಾನೂ ಹುರುಪಿನಿಂದ ಸ್ಲೈಡ್ ಮಾಡಿದೆ, ವಿಡಿಯೋ ಗೇಮಿನ ಥರ. ಮೊದಲ ಲೆವೆಲ್ ಕೆಸರಿನ ಹೊಂಡ, ಎರಡನೇದು ಇಕ್ಕಟ್ಟಿನ ಬಾಗಿಲು, ಆಮೇಲೆ ರಾಕ್ಷಸನ ಜೊತೆ ಕಾಳಗ.

ಕಥೆ ನಿಮಗೆ ಗೊತ್ತಿರಬಹುದು. ಕ್ರೈಸ್ತ ಅನ್ನೋ ನಾಯಕ ಬೆನ್ನ ಮೇಲೆ ಪಾಪದ ಮೂಟೆ ಹೊತ್ತು, ನಾಶವಾಗಲಿರುವ ತನ್ನ ಊರು ಬಿಟ್ಟು ಓಡ್ತಾನೆ. ಹೆಂಡತಿ ಮಕ್ಕಳು ವಾಪಸ್ ಬಾ ಅಂತ ಕೂಗ್ತಾರೆ. ಆತ ಎರಡೂ ಕಿವಿಗೆ ಬೆರಳಿಟ್ಟುಕೊಂಡು ಇನ್ನೂ ಜೋರಾಗಿ ಓಡ್ತಾನೆ. ಈ ಸ್ಲೈಡ್ ಬಂದಾಗ, ಹಿಂದಿನ ಬೆಂಚಲ್ಲಿ ಮೊಮ್ಮಗನ ಜೊತೆ ಕೂತಿದ್ದ ಅಜ್ಜಿಯೊಬ್ಬರು ಕೇಳಿದ್ರು: “ಅಲ್ಲಪ್ಪಾ, ಅವನ ಹೆಂಡ್ತಿ ಮಕ್ಳು ಏನಾದ್ರು?”

ನನ್ನ ಹತ್ರ ಅದಕ್ಕೆ ಸ್ಲೈಡ್ ಇರಲಿಲ್ಲ.

ಇದನ್ನು ಬರೆದ ಜಾನ್ ಬನ್ಯನ್ ತೂತು ಬಿದ್ದ ಪಾತ್ರೆ ಪಡಗ ಸರಿಮಾಡಿ ಬದುಕುತ್ತಿದ್ದವನು. ಅಪ್ಪಣೆಯಿಲ್ಲದೆ ಬೋಧನೆ ಮಾಡಿದ ಅಂತ 1660ರಲ್ಲಿ ಇಂಗ್ಲೆಂಡಿನ ಬೆಡ್‌ಫರ್ಡಿನಲ್ಲಿ ಅವನನ್ನು ಜೈಲಿಗೆ ಹಾಕಿದರು. 12 ವರ್ಷ ಅಲ್ಲೇ ಇದ್ದ. ಪುಸ್ತಕ ಬಂದದ್ದು 1678ರಲ್ಲಿ. ಬಾಸೆಲ್ ಮಿಷನ್ನಿನವರು ಇದನ್ನು ಕನ್ನಡಕ್ಕೆ ತಂದದ್ದು 1840ರ ದಶಕದಲ್ಲಿ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಂದದ್ದು 1899ರಲ್ಲಿ. ಅಂದ್ರೆ ಕನ್ನಡದಲ್ಲಿ ಸಾಮಾಜಿಕ ಕಾದಂಬರಿ ಅನ್ನೋದು ಹುಟ್ಟೋಕೆ ಅರ್ಧ ಶತಮಾನ ಮೊದಲೇ ಈ ಕಥೆ ಕನ್ನಡದಲ್ಲಿ ಓಡಾಡ್ತಿತ್ತು.

ನನಗೆ ಈ ಮೊದಲ ಭಾಗ ಯಾಕೆ ಅಷ್ಟು ಇಷ್ಟ ಅಂತ ಈಗ ಅರ್ಥವಾಗ್ತಿದೆ. ನಮ್ಮದು ಮುದ್ದೇನಹಳ್ಳಿ. ಸರ್ ಎಂ.ವಿ. ಹುಟ್ಟಿದ ಊರು. ಚಿಕ್ಕಂದಿನಿಂದ ಕೇಳಿದ ಪಾಠ ಒಂದೇ: ಓದು, ಇಂಜಿನಿಯರ್ ಆಗು, ಊರು ಬಿಡು. ಊರು ಬಿಟ್ಟವನೇ ಗೆದ್ದವನು. ಬಿ.ಇ. ಮುಗಿಸಿ ಬೆಂಗಳೂರು ಬಸ್ ಹತ್ತಿದ ನನ್ನಂಥವನಿಗೆ, ಒಬ್ಬನೇ ಮೂಟೆ ಹೊತ್ತು ಓಡುವ ಕ್ರೈಸ್ತ ಸಲೀಸಾಗಿ ಹೀರೋ ಆಗಿಬಿಡ್ತಾನೆ. ಭಕ್ತಿ ಅಂದ್ರೆ ನಾನು, ನನ್ನ ದೇವರು, ನನ್ನ ದಾರಿ. ಮಿಕ್ಕವರೆಲ್ಲ ಹಿಂದೆ ನಿಂತು ಕೂಗುವ ಜನ.

ಆದರೆ ಬನ್ಯನ್ ನನ್ನಷ್ಟು ದಡ್ಡನಲ್ಲ. ಅದೇ ಮೊದಲ ಭಾಗದಲ್ಲಿ ಒಂದು ಪಾತ್ರ ಬರುತ್ತೆ. ವಾಚಾಳಿ ಅಂತ ಕರೀತೀನಿ. ನೋಡೋಕೆ ಲಕ್ಷಣವಾಗಿದ್ದಾನೆ, ಕೃಪೆ, ಪ್ರಾರ್ಥನೆ, ಪರಲೋಕ ಯಾವುದರ ಬಗ್ಗೆ ಬೇಕಾದ್ರೂ ಗಂಟೆಗಟ್ಟಲೆ ಮಾತಾಡ್ತಾನೆ. ಜೊತೆಗಾರ ಮರುಳಾಗ್ತಾನೆ. ಕ್ರೈಸ್ತನಿಗೆ ಮಾತ್ರ ಅವನ ಮನೆ ಗೊತ್ತು. ಕೆಲಸದಾಳುಗಳನ್ನು ಕೇಳು, ಅವನ ಜೊತೆ ವ್ಯವಹಾರ ಮಾಡಿದವರನ್ನು ಕೇಳು ಅಂತಾನೆ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ನಮ್ಮ ಕಡೆ ಹೇಳ್ತೀವಲ್ಲ, ಅದೇ. ಕೊನೆಯ ದಿನ ನೀನು ಏನು ಮಾತಾಡಿದೆ ಅಂತಲ್ಲ, ಏನು ಮಾಡಿದೆ ಅಂತ ವಿಚಾರಣೆ ನಡೆಯುತ್ತೆ ಅನ್ನೋದು ಬನ್ಯನ್ನನ ವಾದ. ಪುಸ್ತಕದಲ್ಲಿ ಎಷ್ಟೋ ರಾಕ್ಷಸರಿದ್ದಾರೆ, ನನಗೆ ಹೆದರಿಕೆ ಹುಟ್ಟಿಸೋದು ಇವನೊಬ್ಬನೇ.

ಯಾಕಂದ್ರೆ ಎರಡು ವರ್ಷದ ಹಿಂದೆ ಅಮ್ಮ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡ್ರು. ನಾನು ಬಂದೆ, ಆಪರೇಷನ್ ದುಡ್ಡು ಕಟ್ಟಿದೆ, ಮೂರನೇ ದಿನ ವಾಪಸ್ ಹೋದೆ. ಬೆಂಗಳೂರಿನ ದೊಡ್ಡ ಚರ್ಚೊಂದರಲ್ಲಿ ಪ್ರತಿ ಭಾನುವಾರ ಸ್ಲೈಡ್ ಹಾಕೋ ಸೇವೆ ನನ್ನದು, ತಪ್ಪಿಸೋ ಹಾಗಿರಲಿಲ್ಲ. ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ವಚನ ಬೇರೆ ಹಾಕ್ತಿದ್ದೆ. ಆ ಎರಡು ತಿಂಗಳು ನಮ್ಮ ಹಸು ಕರೆದವರು, ಹಾಲನ್ನು ಡೇರಿಗೆ ಹಾಕಿದವರು, ಅಮ್ಮನನ್ನು ಡ್ರೆಸಿಂಗಿಗೆ ಆಟೋದಲ್ಲಿ ಕರ್ಕೊಂಡು ಹೋದವರು ಇದೇ ಚಿಕ್ಕ ಸಭೆಯ ಜನ, ಜೊತೆಗೆ ಪಕ್ಕದ ಮನೆಯ ಹಿಂದೂ ಅಕ್ಕ. ದಿನಾ ಐದು ಗಂಟೆಗೆ ಕ್ಯಾನ್ ಹೊರುತ್ತಿದ್ದವರು, ರಾಗ ತಪ್ಪಿ ಹಾಡ್ತಾರೆ ಅಂತ ನಾನು ಹುಡುಗನಾಗಿದ್ದಾಗ ಅಣಕಿಸುತ್ತಿದ್ದ ಒಬ್ಬ ದೊಡ್ಡಪ್ಪ. ಇದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಡೇರಿಯವರು ಹಾಲಿಗೆ ಲ್ಯಾಕ್ಟೋಮೀಟರ್ ಹಾಕಿ ನೋಡ್ತಾರೆ, ಕ್ಯಾನ್ ತಂದವನು ಯಾವ ಹಾಡು ಹಾಡಿದ ಅಂತ ಕೇಳೋಲ್ಲ.

ಇನ್ನು ಅಜ್ಜಿಯ ಪ್ರಶ್ನೆ. ಅದಕ್ಕೆ ಉತ್ತರ ಬನ್ಯನ್ನೇ ಕೊಟ್ಟಿದ್ದಾನೆ. 1684ರಲ್ಲಿ ಎರಡನೇ ಭಾಗ ಬರೆದ. ಅದರಲ್ಲಿ ಕ್ರೈಸ್ತನ ಹೆಂಡತಿ ನಾಲ್ಕು ಗಂಡುಮಕ್ಕಳನ್ನು ಕಟ್ಟಿಕೊಂಡು ಅದೇ ದಾರಿ ಹಿಡೀತಾಳೆ. ಪಕ್ಕದ ಮನೆಯ ಹುಡುಗಿ ಕರುಣೆಯೂ ಹೊರಡ್ತಾಳೆ. ಇವರು ಓಡೋದಿಲ್ಲ, ನಡೀತಾರೆ. ದಾರಿಯುದ್ದಕ್ಕೂ ಜನ ಸೇರ್ತಾರೆ: ಊರುಗೋಲಿನವನು, ಅಳ್ಳೆದೆಯವನು, ಮುದುಕರು. ನನ್ನಿಂದ ನಿಮ್ಮ ಜೊತೆ ಹೆಜ್ಜೆ ಹಾಕೋಕೆ ಆಗಲ್ಲ ಅಂತ ಅಳ್ಳೆದೆಯವನು ಹಿಂಜರಿದಾಗ, ದಾರಿ ತೋರಿಸುವ ಮಹಾಹೃದಯ, ನಿನಗೋಸ್ಕರ ನಾವು ಕಾಯ್ತೀವಿ ಅಂತಾನೆ. ಊರುಗೋಲಿನವನು, ಬೇಕಾದ್ರೆ ನನ್ನ ಒಂದು ಕೋಲು ತಗೋ ಅಂತಾನೆ. ಇರೋದೇ ಎರಡು ಕೋಲು!

ಕರುಣೆಯದು ಇನ್ನೂ ಚೆಂದ. ಕೈ ಬಿಡುವಿದ್ದಾಗೆಲ್ಲ ಬಟ್ಟೆ ಹೊಲೀತಾ ಕೂರ್ತಾಳೆ. ಅವಳ ದುಡಿಮೆ ನೋಡಿ, ಒಳ್ಳೆ ಸಂಪಾದನೆ ಅಂದ್ಕೊಂಡು ಒಬ್ಬ ಚುರುಕು ಗಂಡು ಮದುವೆ ಮಾತಾಡ್ತಾನೆ. ಎಲ್ಲ ಬಡವರಿಗೆ ಕೊಡೋದಕ್ಕೆ ಅಂತ ಗೊತ್ತಾದ ಕೂಡಲೇ ನಾಪತ್ತೆ.

ವಿಮರ್ಶಕರು ಎರಡನೇ ಭಾಗ ಸಡಿಲ ಅಂತಾರೆ. ನಿಜ. ಮೊದಲನೆಯದರ ಬಿಗಿ ಇದಕ್ಕಿಲ್ಲ. ಊಟ, ಕಾಯಿಲೆ, ಒಗಟು, ಮದುವೆ ಅಂತ ಕಥೆ ಅಲ್ಲಲ್ಲೇ ಕೂತುಬಿಡುತ್ತೆ. ಮಹಾಹೃದಯನ ಪ್ರಸಂಗಗಳು ಉದ್ದ, ಹೆಂಗಸರು ಗಂಡಸಿನ ಕಾವಲಿಲ್ಲದೆ ದಾರಿ ನಡೆಯೋಕಾಗಲ್ಲ ಅನ್ನೋ ಧೋರಣೆ ಇವತ್ತು ಮುಜುಗರ ತರುತ್ತೆ. ಆದರೆ ಕಥೆ ಕೂತಲ್ಲೇ ಸಭೆ ಅನ್ನೋದು ಕಾಣೋದು. ಸಭೆಯ ಬದುಕಿನಲ್ಲಿ ಕ್ಲೈಮ್ಯಾಕ್ಸ್ ಎಲ್ಲಿರುತ್ತೆ? ಹಾಲಿನ ಕ್ಯಾನು, ಡ್ರೆಸಿಂಗು, ಹಬ್ಬದ ಹಿಂದಿನ ದಿನ ಬೆಂಚು ಒರೆಸೋದು.

ಎರಡು ಭಾಗಗಳ ವ್ಯತ್ಯಾಸ ಒಂದೇ ಜಾಗದಲ್ಲಿ ನೋಡಬೇಕಾದ್ರೆ ಮಾಯಾಪೇಟೆಗೆ ಬನ್ನಿ. ಎಲ್ಲವೂ ಮಾರಾಟಕ್ಕಿರುವ ಆ ಪೇಟೆಯಲ್ಲಿ ಮೊದಲ ಭಾಗದ ಯಾತ್ರಿಕರು ಸೆರೆಯಾಗ್ತಾರೆ, ಒಬ್ಬನನ್ನು ಸುಡ್ತಾರೆ, ಕ್ರೈಸ್ತ ಹೇಗೋ ಪಾರಾಗ್ತಾನೆ. ಎರಡನೇ ಭಾಗದಲ್ಲಿ ಅವನ ಹೆಂಡತಿ ಮಕ್ಕಳು ಅದೇ ಪೇಟೆಯಲ್ಲಿ ಬಹುಕಾಲ ಮನೆ ಮಾಡ್ತಾರೆ. ಬಡವರಿಗೆ ಬಟ್ಟೆ ಕೊಡ್ತಾರೆ, ಊರನ್ನು ಕಾಡುತ್ತಿದ್ದ ಮೃಗದ ವಿರುದ್ಧ ಅವರ ಜೊತೆಯವರು ನಿಲ್ತಾರೆ, ಊರಿನವರು ಗೌರವಿಸೋಕೆ ಶುರುಮಾಡ್ತಾರೆ. ಬೆಂಗಳೂರಿನಲ್ಲಿ ದುಡಿಯೋ ನನಗೆ ಇದು ಓಡಿಹೋಗುವ ಪಾಠಕ್ಕಿಂತ ಕಷ್ಟದ ಪಾಠ.

ನಮ್ಮ ಚಿಕ್ಕಬಳ್ಳಾಪುರಕ್ಕೆ ಸಭೆ, ಆಸ್ಪತ್ರೆ ತಂದ ಲಂಡನ್ ಮಿಷನ್ ಹೆಚ್ಚಾಗಿ ಬನ್ಯನ್ನನ ಪರಂಪರೆಯ ಜನರದ್ದೇ. ಒಬ್ಬರಿಗೊಬ್ಬರು ಹೊಣೆಯಾಗಿ ಸೇರಿದ ಜನವೇ ಸಭೆ ಅಂತ ನಂಬಿದವರು. 1947ರಲ್ಲಿ ಸಿ.ಎಸ್.ಐ. ಆದಾಗ ಅವರೂ ಅದರೊಳಗೆ ಸೇರಿದರು. ಹಳಬರು ಇವತ್ತಿಗೂ ಅದನ್ನು ಮಿಷನ್ ಆಸ್ಪತ್ರೆ ಅಂತಲೇ ಕರೆಯೋದು. ಆ ಜನ ತಂದದ್ದರಲ್ಲಿ ನಾನು ಇಟ್ಟುಕೊಂಡದ್ದು ಮೊದಲ ಭಾಗ ಮಾತ್ರ.

ಮುಂದಿನ ಭಾನುವಾರ ಲ್ಯಾಪ್‌ಟಾಪ್ ಇಲ್ಲದೆ ಎರಡನೇ ಭಾಗ ಹೇಳಿದೆ. ಮಕ್ಕಳು ಗಲಾಟೆ ಮಾಡಿದ್ರು. ಊರುಗೋಲಿನ ಪ್ರಸಂಗ ಬಂದಾಗ ಒಬ್ಬ ಎದ್ದು ಕುಂಟಿ ತೋರಿಸಿದ. ಮುಗಿದ ಮೇಲೆ ಅಜ್ಜಿ ಕಥೆ ಬಗ್ಗೆ ಏನೂ ಹೇಳಲಿಲ್ಲ. “ಅಮ್ಮನ ಕಾಲು ಹೆಂಗಿದೆಯಪ್ಪಾ?” ಅಂದ್ರು.

“ಮೆಟ್ಟಿಲು ಹತ್ತೋವಾಗ ಇನ್ನೂ ನೋವಿದೆ ಅಜ್ಜಿ, ಬುಧವಾರ ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗ್ತಿದ್ದೀನಿ” ಅಂದೆ. ಈ ಸಲ ಉತ್ತರ ಗೊತ್ತಿತ್ತು.