ಬೆಸುಗೆ ಬಿಡಿಸುವ ಕೈ

ಕಾರಿನ ಸರ್ಕ್ಯೂಟ್ ಬೋರ್ಡಿನಲ್ಲಿ ಒಂದು ರಿಲೇ, ಅಂದರೆ ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚು, ಕೆಟ್ಟರೆ ಇಡೀ ಬೋರ್ಡನ್ನೇ ಬದಲಿಸಿ ಎನ್ನುವವರೇ ಹೆಚ್ಚು. ಗುಲಾಬಿ ಮೀನಾಕಾರಿಯಂಥ ಕುಸುರಿಗೆ ಹೆಸರಾದ ವಾರಾಣಸಿಯಲ್ಲಿ, ಆ ರಿಲೇಯೊಂದನ್ನೇ ಬಿಡಿಸಿ ಹೊಸದು ಕೂರಿಸುವ ಕೈಯನ್ನೂ ಕುಶಲಕರ್ಮಿಯದೆಂದೇ ನಾನು ಎಣಿಸುತ್ತೇನೆ.

ಬಲ್ಲವನು ಮೊದಲು ಕಾವಿಗೆ ಕೈಹಾಕುವುದಿಲ್ಲ. ರಿಲೇಗೆ 12 ವೋಲ್ಟ್ ಕೊಟ್ಟು ಟಿಕ್ ಎನ್ನುವುದೇ ಎಂದು ಕಿವಿಗೊಡುತ್ತಾನೆ. ಸದ್ದು ಬಂದೂ ಕರೆಂಟ್ ಹರಿಯದಿದ್ದರೆ, ಮೋಟರಿನ ಕಿಡಿಗೆ ಒಳಗಿನ ಕಾಂಟ್ಯಾಕ್ಟ್ ಸುಟ್ಟಿರಬಹುದು. ಎಷ್ಟೋ ಸಲ ರಿಲೇ ಚೆನ್ನಾಗಿಯೇ ಇರುತ್ತದೆ. ಭೂತಗನ್ನಡಿ ಹಿಡಿದರೆ ಪಿನ್ನಿನ ಸುತ್ತಲ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಾಣುತ್ತದೆ.

ಬಿಡಿಸುವ ಕ್ರಮದಲ್ಲೇ ಸೊಗಸಿರುವುದು. ಹಳೆಯ ಬೆಸುಗೆಯನ್ನು ತೆಗೆಯಲು ಮೊದಲು ಹೊಸ ಬೆಸುಗೆ ಸೇರಿಸುತ್ತಾರೆ! ಬೋರ್ಡಿನಲ್ಲಿರುವ ಸೀಸವಿಲ್ಲದ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಸೆಲ್ಸಿಯಸ್ ಬೇಕು. ಹೊಸದಾಗಿ ಸೇರಿಸುವ ತವರ-ಸೀಸದ್ದಕ್ಕೆ 183 ಸಾಕು. ಎರಡೂ ಬೆರೆತರೆ ಬೇಗ ನೀರಾಗುತ್ತದೆ. ಆಗ ಬೆಸುಗೆ ಹೀರುವ ಸಕ್ಕರ್‌ನಿಂದ ಎಳೆದು, ಉಳಿದದ್ದನ್ನು ತಾಮ್ರದ ಹೆಣೆದ ಪಟ್ಟಿಗೆ ಕುಡಿಸುತ್ತಾರೆ. ಅಗಲವಾದ ತಾಮ್ರಕ್ಕೆ ಅಂಟಿದ ಪಿನ್ ಮಾತ್ರ ಕಾವನ್ನೆಲ್ಲ ಹೀರಿಕೊಂಡು ಸತಾಯಿಸುತ್ತದೆ. ಅವಸರಪಟ್ಟು ಜಗ್ಗಿದರೆ ಬೋರ್ಡಿನ ತಾಮ್ರದ ಪ್ಯಾಡೇ ಕಿತ್ತು ಬರುತ್ತದೆ. ಅಲ್ಲಿ ಕಾಯುವ ಆ ತಾಳ್ಮೆ ನನಗೆ ತುಂಬ ಇಷ್ಟ.

ಹೊಸ ರಿಲೇಗೆ ಕಾಯಿಲ್ ವೋಲ್ಟೇಜ್, ಆಂಪಿಯರ್, ಪಿನ್ನುಗಳ ಅಂತರ ಮೂರೂ ಹೊಂದಬೇಕು. ಬೆಸುಗೆ ಹಾಕಿದ ಮೇಲೆ ಫ್ಲಕ್ಸಿನ ಕೊಳೆ ಒರೆಸಿ, ಕೆರೆದ ಜಾಗಕ್ಕೆ ಮತ್ತೆ ರಕ್ಷಣಾ ಲೇಪ ಬಳಿಯಬೇಕು. ಗಂಗೆಯ ದಡದ ಮಳೆಗಾಲದಲ್ಲಿ ತೇವಕ್ಕೆ ತಾಮ್ರ ಹಸಿರುಗಟ್ಟಲು ಹೆಚ್ಚು ದಿನ ಬೇಡ.