ಹತ್ತು ಬೆರಳಿನ ಹದ

ಕೊಳಗಲ್ಲು ಊರಿನ ಎರೆಹೊಲದಲ್ಲಿ ಸಲಿಕೆ ಹಿಡಿದವರಿಗೆ ಇದು ಗೊತ್ತು: ಕಾವು ಕೈಗೆ ಕೂತರೆ ಅರ್ಧ ಕೆಲಸ ಆದಂತೆ. ಗಾಲ್ಫ್ ಕೋಲಿಗೂ ಈ ಮಾತು ಸಲ್ಲುತ್ತದೆ. ಆಟಗಾರನ ಮೈಗೂ ಕೋಲಿಗೂ ಇರುವ ನಂಟು ಆ ಹಿಡಿತವೊಂದೇ.

ಬಲಗೈ ಆಟಗಾರರಿಗೆ ಮುಖ್ಯವಾಗಿ ಮೂರು ಹಿಡಿತಗಳು. ಹತ್ತೂ ಬೆರಳು ಕೋಲಿನ ಮೇಲೆ ಸಾಲಾಗಿ ಕೂರುವುದು ಒಂದು. ಬಲಗೈ ಕಿರುಬೆರಳು ಎಡಗೈ ತೋರುಬೆರಳಿಗೆ ಕೊಕ್ಕೆ ಹಾಕುವುದು ಇನ್ನೊಂದು. ಅದೇ ಕಿರುಬೆರಳು ಎಡಗೈಯ ತೋರುಬೆರಳು, ನಡುಬೆರಳುಗಳ ಸಂದಿನ ಮೇಲೆ ಒರಗುವುದು ಮೂರನೆಯದು. ಇದನ್ನು ಜನಪ್ರಿಯಗೊಳಿಸಿದವರು ಬ್ರಿಟಿಷ್ ಓಪನ್ ಅನ್ನು 6 ಸಲ ಗೆದ್ದ ಹ್ಯಾರಿ ವಾರ್ಡನ್.

ಹೊಸ ಹಿಡಿತ ಮೊದಲಿಗೆ ಬೇರೆಯವರ ಚಪ್ಪಲಿ ಮೆಟ್ಟಿದಂತಿರುತ್ತದೆ. ಬಿಗಿಯಾದರೆ ಮಣಿಕಟ್ಟು ಸೆಟೆಯುತ್ತದೆ, ಸಡಿಲಾದರೆ ಕೋಲು ತಿರುಗುತ್ತದೆ. ಚೆಂಡಿಲ್ಲದೆಯೂ ದಿನಾ ಹಿಡಿದು, ಬಿಟ್ಟು, ಮತ್ತೆ ಹಿಡಿಯುತ್ತಿದ್ದರೆ ಬೆರಳುಗಳು ತಮ್ಮ ಜಾಗ ತಾವೇ ಕಂಡುಕೊಳ್ಳುತ್ತವೆ.

2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ 4ನೇ ಸ್ಥಾನ ಪಡೆದರು. ಪದಕ ಒಂದೇ ಹೊಡೆತದಷ್ಟು ದೂರವಿತ್ತು. ನಾಲ್ಕು ದಿನಗಳ ಆಟ ಒಂದು ಹೊಡೆತದ ಮೇಲೆ ನಿಲ್ಲುವಾಗ, ಕಿರುಬೆರಳು ಎಲ್ಲಿ ಕೂರಬೇಕೆಂಬುದೂ ದೊಡ್ಡ ವಿದ್ಯೆಯೇ. ಸಲಿಕೆಯಾಗಲಿ, ಗಾಲ್ಫ್ ಕೋಲಾಗಲಿ, ಕೈಗೆ ಹದ ಕಲಿಸುವುದು ತಾಳ್ಮೆ.