ಅವಳಿ ಬಸಿರಿನ ಪರೀಕ್ಷೆಗಳೂ ಕನ್ನಡ ವೈದ್ಯಗದ್ಯವೂ

ಕನ್ನಡದಲ್ಲಿ ವೈದ್ಯಗ್ರಂಥಗಳ ರಚನೆ ಹೊಸದಲ್ಲ. ಕೀರ್ತಿವರ್ಮನ ಗೋವೈದ್ಯ, ಮಂಗರಾಜನ ಖಗೇಂದ್ರಮಣಿದರ್ಪಣ ಮೊದಲಾದುವನ್ನು ಸಾಹಿತ್ಯಚರಿತ್ರೆ ಓದಿದವರೆಲ್ಲ ಬಲ್ಲರು. ಆದರೆ ಆ ಕೃತಿಗಳು ವೈದ್ಯನಿಗಾಗಿ, ಇಲ್ಲವೆ ವೈದ್ಯಾಸಕ್ತ ವಿದ್ವಾಂಸನಿಗಾಗಿ ಹುಟ್ಟಿದುವು. ರೋಗಿಯನ್ನೇ ಓದುಗನೆಂದು ಬಗೆದು ಬರೆಯುವ ಗದ್ಯ ಬೆಳೆದದ್ದು ಇಪ್ಪತ್ತನೆಯ ಶತಮಾನದಲ್ಲಿ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ (1934–1991) ಅವರ 'ತಾಯಿ-ಮಗು' ಆ ಮಾರ್ಗದ ಗಣ್ಯಕೃತಿ. ಅನಂತರ ವೈದ್ಯಶಾಸ್ತ್ರ ಬಹಳ ಮುಂದುವರಿದಿದೆ. ಗದ್ಯ ಅದರ ಸಮಕ್ಕೆ ನಡೆದಿದೆಯೆ? ಈ ಪ್ರಶ್ನೆಯನ್ನು ಇಡಿಯಾಗಿ ಎತ್ತಿಕೊಳ್ಳುವುದು ಇಲ್ಲಿ ಅಸಾಧ್ಯ. ಅವಳಿ ಬಸಿರಿನ ಕೊನೆಯ ವಾರಗಳಲ್ಲಿ ಶಿಶುಗಳ ಕ್ಷೇಮವನ್ನು ಅರಿಯಲು ನಡೆಸುವ ಪರೀಕ್ಷೆಗಳನ್ನು ಕನ್ನಡವು ಹೇಗೆ ಹೇಳುತ್ತಿದೆ ಎಂಬ ಒಂದೇ ಅಂಶಕ್ಕೆ ನಾವು ಸೀಮಿತರಾಗುತ್ತೇವೆ. ವೈದ್ಯಸಲಹೆ ನಮ್ಮ ಅಧಿಕಾರಕ್ಕೆ ಸೇರಿದ್ದಲ್ಲ. ಮಾತಿನ ವಿಮರ್ಶೆ ಸೇರಿದ್ದು.

ಈ ವಿಚಾರಕ್ಕೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳನ್ನು ನಾವು ಕಣ್ಣಮುಂದೆ ಇಟ್ಟುಕೊಂಡಿದ್ದೇವೆ. ಮೊದಲಿನೆರಡು ಮಹಾರಾಷ್ಟ್ರದ ಗಡಿಗೆ ತಾಗಿದುವು. 1948ರವರೆಗೆ ನಿಜಾಮನ ಆಳ್ವಿಕೆಗೆ ಒಳಪಟ್ಟಿದ್ದ ಈ ನಾಡಿನಲ್ಲಿ ಆಸ್ಪತ್ರೆಗೆ ಇಂದಿಗೂ 'ದವಾಖಾನಿ' ಎಂದೇ ಹೆಸರು. ತೊಡಕಿನ ಹೆರಿಗೆಯೆಂದರೆ ಕಲಬುರಗಿಗೆ ಹೋಗಬೇಕು. ಆಳಂದ, ಜೇವರ್ಗಿಗಳಿಂದ ಅದು ಸುಮಾರು ನಲವತ್ತು ಕಿಲೋಮೀಟರು, ಅಫಜಲಪುರದಿಂದ ಇನ್ನೂ ದೂರ. ಗಡಿಯ ಕೆಲವರು ಸೊಲ್ಲಾಪುರವನ್ನೇ ಆಶ್ರಯಿಸುವುದುಂಟು. ಪುಣೆ ಮುಂಬಯಿಗಳಿಗೆ ದುಡಿಯಲು ಹೋದ ಹೆಣ್ಣುಮಗಳು ದಿನ ತುಂಬುವ ಹೊತ್ತಿಗೆ ತವರಿಗೆ ಬರುತ್ತಾಳೆ. ಹೀಗೆ ಒಬ್ಬಳೇ ಬಸುರಿಯ ಕಾಗದಗಳು ಎರಡು ಮೂರು ಊರುಗಳ ವೈದ್ಯರ ಕೈ ದಾಟುತ್ತವೆ, ಅವುಗಳಲ್ಲಿರುವುದು ಇಂಗ್ಲಿಷು. ಹಿಂದಿನ ವೈದ್ಯರು ಏನು ನೋಡಿದರು, ಏನು ಹೇಳಿದರು ಎಂಬುದನ್ನು ಬಾಯಲ್ಲಿ ಹೊತ್ತು ತರುವವಳು ಆಕೆ, ಇಲ್ಲವೆ ಜೊತೆಗೆ ಬಂದ ಆಶಾ ಕಾರ್ಯಕರ್ತೆ. ಆ ಬಾಯಿಗೆ ನಾವು ಯಾವ ಮಾತನ್ನು ಕೊಟ್ಟಿದ್ದೇವೆ?

ಮೊದಲು 'ನಾನ್‌ಸ್ಟ್ರೆಸ್ ಟೆಸ್ಟ್' ಎಂಬುದನ್ನು ನೋಡೋಣ. ಬಸುರಿಯ ಹೊಟ್ಟೆಗೆ ಪಟ್ಟಿ ಕಟ್ಟಿ, ಒಳಗಿನ ಕೂಸಿನ ಎದೆಬಡಿತವನ್ನು ಇಪ್ಪತ್ತು ನಿಮಿಷ ಕಾಗದದ ಮೇಲೆ ಗೆರೆಯಾಗಿ ಬರೆಯಿಸುವ ಪರೀಕ್ಷೆಯಿದು. ನಿಮಿಷಕ್ಕೆ 110ರಿಂದ 160ರವರೆಗಿನ ಬಡಿತ ಸಹಜ. 32 ವಾರ ದಾಟಿದ ಕೂಸಿನಲ್ಲಿ ಬಡಿತವು 15ರಷ್ಟಾದರೂ ಏರಿ, ಆ ಏರಿಕೆ 15 ಸೆಕೆಂಡಾದರೂ ನಿಂತು, ಹೀಗೆ ಎರಡು ಸಲ ಕಂಡುಬಂದರೆ ಸಮಾಧಾನ. ಇದನ್ನು ಕನ್ನಡದಲ್ಲಿ 'ಒತ್ತಡರಹಿತ ಪರೀಕ್ಷೆ' ಎನ್ನುವುದು ರೂಢಿಗೆ ಬರುತ್ತಿದೆ. ಈ ಅನುವಾದ ಪದಶಃ ಸರಿ, ಅರ್ಥತಃ ಶೂನ್ಯ. ಏಕೆಂದರೆ ಮೂಲದ ಹೆಸರೇ ಒಂದು ನಿಷೇಧ. ಔಷಧದಿಂದ ಗರ್ಭಕೋಶ ಹಿಂಡಿಕೊಳ್ಳುವಂತೆ ಮಾಡಿ, ಆ ಹಿಂಡಿಕೆಯನ್ನು ಕೂಸು ತಾಳಬಲ್ಲದೆ ಎಂದು ನೋಡುವ ಪರೀಕ್ಷೆ ಮೊದಲು ಬಂತು. ಅಂತಹ ಹಿಂಡಿಕೆಯಿಲ್ಲದೆಯೂ ಕೂಸಿನ ಕ್ಷೇಮ ತಿಳಿಯುವುದೆಂದು 1970ರ ದಶಕದಲ್ಲಿ ಮನಗಂಡಾಗ ಈ ಎರಡನೆಯದಕ್ಕೆ 'ಅದಲ್ಲದ್ದು' ಎಂಬ ಹೆಸರು ಬಿತ್ತು. ನಞ್‌ಸಮಾಸವು ಅರ್ಥ ಕೊಡುವುದು ನಿಷೇಧಿತವಾದ ವಸ್ತು ಕೇಳುವವನಿಗೆ ಗೊತ್ತಿದ್ದಾಗ. ನಮ್ಮ ಹಳ್ಳಿಯ ಬಸುರಿ ಆ ಹಿಂದಿನ ಪರೀಕ್ಷೆಯ ಹೆಸರನ್ನೇ ಕೇಳಿದವಳಲ್ಲ. ಅವಳಿಗೆ 'ಒತ್ತಡ' ಎಂದರೆ ರಕ್ತದೊತ್ತಡ, ಇಲ್ಲವೆ ಮನೆಯ ಚಿಂತೆ. ಬೀಪಿ ಸರಿಯಾಗಿದೆಯೆಂದು ಮೊನ್ನೆಯೇ ಹೇಳಿಸಿಕೊಂಡವಳು ಈ ಪರೀಕ್ಷೆ ತನಗೆ ಬೇಡವೆಂದು ಬಗೆದರೆ ತಪ್ಪು ಅವಳದಲ್ಲ. 'ಎದೆಬಡಿತದ ಗೆರೆ' ಎಂದರೆ ಸಾಕಿತ್ತು. ಕಾಗದವನ್ನು ಕಂಡವಳಿಗೆ ಅದು ಮರೆಯಲಾಗದ ಮಾತು.

ಫಲಿತಾಂಶದ ಮಾತಿನಲ್ಲಿ ತೊಡಕು ಇನ್ನೂ ಹೆಚ್ಚು. 'ಪ್ರತಿಕ್ರಿಯಾರಹಿತ' ಎಂದು ಬರೆದುದನ್ನು ಓದಿದವರಿಗೆ ಕೂಸು ಜೀವವಿಲ್ಲದಂತಿದೆ ಎಂದೇ ತೋರುತ್ತದೆ. ವಾಸ್ತವವಾಗಿ ಅದು ನಿದ್ರಿಸುತ್ತಿರಬಹುದು. ಬಸಿರಿನೊಳಗಿನ ನಿದ್ರೆ ಇಪ್ಪತ್ತರಿಂದ ನಲವತ್ತು ನಿಮಿಷ ನಿಲ್ಲುವುದು ಸಾಮಾನ್ಯ. ಆದ್ದರಿಂದಲೇ ಗೆರೆಯನ್ನು ನಲವತ್ತು ನಿಮಿಷಕ್ಕೆ ಮುಂದುವರಿಸುತ್ತಾರೆ. ಇತ್ತ ಗೆರೆ ಸರಿಯಾಗಿದ್ದಾಗ ಮುಂದಿನ ಒಂದು ವಾರದೊಳಗೆ ಕೂಸು ತೀರಿಕೊಳ್ಳುವುದು ಸಾವಿರಕ್ಕೆ ಸುಮಾರು 2 ಎಂದು ಲೆಕ್ಕ. ಅಂದರೆ ಈ ಪರೀಕ್ಷೆ 'ಚೆನ್ನಾಗಿದೆ' ಎಂದಾಗ ಬಹುಮಟ್ಟಿಗೆ ನಂಬತಕ್ಕದ್ದು, 'ಚೆನ್ನಾಗಿಲ್ಲ' ಎಂದಾಗ ಅಷ್ಟು ನಂಬತಕ್ಕದ್ದಲ್ಲ. ಎರಡು ತೀರ್ಪುಗಳ ತೂಕ ಒಂದೇ ಅಲ್ಲ. ಪಾಸು-ನಪಾಸುಗಳ ಧ್ವನಿ ಹೊತ್ತ 'ಪರೀಕ್ಷೆ' ಎಂಬ ಶಬ್ದ ಈ ಅಸಮತೆಯನ್ನು ಮುಚ್ಚಿಬಿಡುತ್ತದೆ.

ಇದುವರೆಗಿನ ಆಕ್ಷೇಪಗಳು ಒಂಟಿ ಬಸಿರಿಗೂ ಸಲ್ಲುತ್ತವೆ. ಅವಳಿಯ ವಿಷಯದಲ್ಲಿ ದೋಷ ಪದಕೋಶದ್ದಲ್ಲ, ವ್ಯಾಕರಣದ್ದು. ನಮ್ಮ ಗರ್ಭಿಣೀಗದ್ಯವೆಲ್ಲ ಏಕವಚನದಲ್ಲಿ ನಡೆಯುತ್ತದೆ: ಮಗು ಒದೆಯುತ್ತದೆ, ಮಗುವಿನ ಚಲನೆಯನ್ನು ಎಣಿಸಿರಿ, ಮಗುವಿನ ಆಟ ತಗ್ಗಿದರೆ ವೈದ್ಯರಿಗೆ ತಿಳಿಸಿರಿ. ಅವಳಿಗಳಿಗೆಂದು ಒಂದು ಪುಟವನ್ನು ಕೊನೆಯಲ್ಲಿ ಸೇರಿಸಿದರೂ ವಾಕ್ಯಗಳು ಮಾತ್ರ ಹಳೆಯವೇ. 'ಕೂಸು ಆಡ್ಲತದ' ಎಂದು ಆಳಂದದ ತಾಯಿ ಹೇಳಿದಾಗ ಆ ಒಂದು ಕ್ರಿಯಾಪದದೊಳಗೆ ಅಪಾಯವೊಂದು ಅಡಗಿರಬಹುದು. ಆಡುತ್ತಿರುವುದು ಒಂದೋ ಎರಡೋ ಎಂದು ಹೊತ್ತವಳಿಗೇ ನಿಶ್ಚಯವಾಗಿ ತಿಳಿಯುವುದು ಕಷ್ಟ. ಒಂದು ಸುಮ್ಮನಾದರೂ ಇನ್ನೊಂದರ ಒದೆತ ಅವಳಿಗೆ ಸಮಾಧಾನವನ್ನು ಕೊಡುತ್ತಲೇ ಇರುತ್ತದೆ. ಒದೆತ ತಗ್ಗಿತೆನಿಸಿದರೆ ಅವಳಿಯ ತಾಯಿಯೂ ಕೂಡಲೇ ಹೇಳತಕ್ಕದ್ದೇ. ಆದರೆ ಒದೆತ ಇದೆಯೆಂಬುದು ಎರಡಕ್ಕೂ ಸಾಕ್ಷಿಯಲ್ಲ.

ಯಂತ್ರಕ್ಕೂ ಇದೇ ಭ್ರಾಂತಿ ಉಂಟೆಂಬುದು ಗಮನಾರ್ಹ. ಅವಳಿಗಳ ಗೆರೆ ಬರೆಯಿಸುವಾಗ ಹೊಟ್ಟೆಯ ಎರಡು ಕಡೆ ಎರಡು ಗ್ರಾಹಕಗಳನ್ನು ಇಡುತ್ತಾರೆ. ಕೂಸುಗಳು ಹೊರಳಿದಾಗ ಎರಡೂ ಒಂದೇ ಎದೆಯ ಬಡಿತವನ್ನು ಹಿಡಿದು ಎರಡು ಗೆರೆಗಳಾಗಿ ತೋರಿಸಬಹುದು. ಕೆಲವೊಮ್ಮೆ ತಾಯಿಯ ನಾಡಿಯೂ ಅಲ್ಲಿ ನುಸುಳುತ್ತದೆ. ಆದ್ದರಿಂದ ಎರಡು ಗೆರೆಗಳು ತದ್ರೂಪವಾಗಿದ್ದರೆ ಸಂತೋಷಕ್ಕೆ ಕಾರಣವಿಲ್ಲ, ಶಂಕೆಗೆ ಕಾರಣವಿದೆ. ಸ್ಕ್ಯಾನಿನಲ್ಲಿ ಎರಡು ಎದೆಗಳನ್ನೂ ಬೇರೆಬೇರೆ ಕಂಡು ನಿಶ್ಚಯಿಸಿಕೊಳ್ಳಬೇಕು. 'ಮಗುವಿನ ಹೃದಯಬಡಿತ ಸರಿಯಿದೆ' ಎಂಬ ಏಕವಚನ ಅವಳಿಯ ತಾಯಿಗೆ ಉತ್ತರವೇ ಅಲ್ಲ.

ಇನ್ನು ಪರೀಕ್ಷೆಗಳು ಯಾವಾಗ ಆರಂಭವಾಗಬೇಕೆಂಬುದು ಅವಳಿಗಳ ಜಾತಿಯನ್ನು ಅವಲಂಬಿಸಿದೆ. ಎರಡಕ್ಕೂ ಬೇರೆಬೇರೆ ಮಾಸು ಇದ್ದು ಬೇರೆ ತೊಡಕಿಲ್ಲದಿದ್ದರೆ 36ನೆಯ ವಾರದಿಂದ, ಒಂದೇ ಮಾಸನ್ನು ಹಂಚಿಕೊಂಡಿದ್ದರೆ 32ನೆಯ ವಾರದಿಂದ ವಾರಕ್ಕೊಮ್ಮೆ ಎಂಬುದು ಅಮೆರಿಕದ ತಜ್ಞಸಂಸ್ಥೆ 2021ರಲ್ಲಿ ಸೂಚಿಸಿದ ಕ್ರಮ; ಎಲ್ಲ ದೇಶಗಳವರೂ ಅದನ್ನೇ ಅನುಸರಿಸುವುದಿಲ್ಲ. ಹಂಚಿಕೊಂಡ ಮಾಸಿನಲ್ಲಿ ರಕ್ತನಾಳಗಳು ಕೂಡಿಕೊಂಡು ಒಂದರ ರಕ್ತ ಇನ್ನೊಂದಕ್ಕೆ ಹರಿದುಹೋಗುವ ಭಯವಿದೆ. ಈ ಭೇದ ಚೆನ್ನಾಗಿ ಕಾಣುವುದು 14 ವಾರದೊಳಗಿನ ಸ್ಕ್ಯಾನಿನಲ್ಲಿ. ಅದನ್ನು ಮಾಡಿಸಿದ್ದು ಪುಣೆಯಲ್ಲಾಗಿ, ಹೆರಿಗೆ ಜೇವರ್ಗಿಯಲ್ಲಾದರೆ, ನಡುವೆ ಉಳಿಯಬೇಕಾದುದು ಈ ಒಂದು ಸಂಗತಿ.

ಅದನ್ನು ನಾವು 'ಏಕಜರಾಯು ಅವಳಿ' ಎನ್ನುತ್ತೇವೆ! ತತ್ಸಮಗಳ ಮೇಲೆ ನಮಗೆ ಹಗೆಯಿಲ್ಲ. ಸಂಸ್ಕೃತ ಕನ್ನಡಗಳನ್ನು ಹದವರಿಯದೆ ಬೆರೆಸುವುದನ್ನು ಕವಿರಾಜಮಾರ್ಗಕಾರನು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ಎಂದು ಹಳಿದದ್ದು ಇದೇ ಜಿಲ್ಲೆಯ ಮಳಖೇಡದ ಅರಸರ ಆಶ್ರಯದಲ್ಲಿ. ಆದರೆ ಇಲ್ಲಿ ಕೆಟ್ಟಿರುವುದು ಶ್ರುತಿಯಲ್ಲ, ಅರ್ಥ. 'ಮಾಸು' ಎಂಬ ಅಚ್ಚಗನ್ನಡ ಶಬ್ದ ಸೂಲಗಿತ್ತಿಗೂ ದನ ಸಾಕಿದವನಿಗೂ ಗೊತ್ತು. ಅದರಲ್ಲಿಯೂ ಎಚ್ಚರ ಬೇಕು: 'ಒಂದೇ ಮಾಸಿನ' ಎಂಬುದು ಕಿವಿಗೆ 'ಒಂದೇ ಮಾಸದ' ಎಂದು ಕೇಳಿ, ತಿಂಗಳ ಲೆಕ್ಕವೆಂದು ತೋರಬಹುದು. ಮೇಲಾಗಿ ಬೇರೆಬೇರೆಯಾದ ಎರಡು ಮಾಸುಗಳು ಅಂಟಿಕೊಂಡು ಒಂದರಂತೆ ಕಾಣುವುದೂ ಉಂಟು. ಹಾಗಾದಾಗ 'ಒಂದು' ಎಂಬ ಎಣಿಕೆಯೇ ದಾರಿ ತಪ್ಪಿಸುತ್ತದೆ. 'ಮಾಸು ಹಂಚಿಕೊಂಡ ಅವಳಿ' ಎಂಬುದು ನಮ್ಮ ಸೂಚನೆ. ಹಂಚಿಕೆಯೇ ಅಪಾಯದ ಮೂಲವಾದುದರಿಂದ ಹೆಸರೇ ಕಾರಣವನ್ನು ಹೇಳಿದಂತಾಗುತ್ತದೆ.

ಉಳಿದ ಪರೀಕ್ಷೆಗಳ ಹೆಸರುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಡಾಪ್ಲರ್ ಎಂಬುದು ವ್ಯಕ್ತಿನಾಮ. ಹಾಗೆಯೇ ಇರಲಿ, ಹೊಕ್ಕುಳಬಳ್ಳಿಯಲ್ಲಿ ರಕ್ತ ಹರಿಯುವ ಬಗೆಯನ್ನು ಅದು ನೋಡುತ್ತದೆಂದರೆ ಆಯಿತು. 1980ರಲ್ಲಿ ಮ್ಯಾನಿಂಗ್ ಮತ್ತು ಸಂಗಡಿಗರು ರೂಪಿಸಿದ 'ಬಯೋಫಿಸಿಕಲ್ ಪ್ರೊಫೈಲ್' ಅನ್ನು 'ಜೈವಿಕಭೌತಿಕ ಚಿತ್ರಣ' ಎಂದು ಬದಲಿಸಿದರೆ ಯಾರಿಗೂ ಲಾಭವಿಲ್ಲ. ಉಸಿರಾಟದ ಚಲನೆ, ಮೈಯ ಚಲನೆ, ಅಂಗಗಳ ಬಿಗಿ, ಸುತ್ತಲ ನೀರು, ಎದೆಬಡಿತದ ಗೆರೆ ಇವಕ್ಕೆ ತಲಾ ಎರಡರಂತೆ ಹತ್ತು ಅಂಕ, ಅವಳಿಗೆ ಎರಡು ಪ್ರತ್ಯೇಕ ಅಂಕಪಟ್ಟಿ: ಇಷ್ಟನ್ನು ವಿವರಿಸಬಲ್ಲವರಿಗೆ ಹೆಸರಿನ ಗೊಡವೆ ಬೇಡ. 'ಸ್ಕ್ಯಾನಿಂಗ್' ಎಂಬ ಮಾತಿಗಂತೂ 1994ರ ಲಿಂಗಪತ್ತೆ ನಿಷೇಧದ ಕಾಯಿದೆಯ ನೆರಳು ಬಿದ್ದಿದೆ. ಕೊನೆಯ ವಾರಗಳ ಸ್ಕ್ಯಾನಿನ ಉದ್ದೇಶ ಬೇರೆಯೆಂಬುದನ್ನು ಬಿಡಿಸಿ ಹೇಳತಕ್ಕದ್ದು.

ನಾಡಿಗೆಲ್ಲ ಒಂದೇ ಪರಿಭಾಷೆ ಬೇಕು, ತಾಲ್ಲೂಕಿಗೊಂದು ಮಾತು ಸಲ್ಲದು ಎಂಬ ಆಕ್ಷೇಪವನ್ನು ನಾವು ನಿರೀಕ್ಷಿಸುತ್ತೇವೆ. ಪಠ್ಯಪುಸ್ತಕಕ್ಕೆ ಅದು ಒಪ್ಪತಕ್ಕದ್ದೆ. 'ಜರಾಯು' ತರಗತಿಯಲ್ಲಿರಲಿ. ಆದರೆ ಬಸುರಿಯ ಕೈಗೆ ಕೊಡುವ ಚೀಟಿಯಲ್ಲಿ ಇಂಗ್ಲಿಷಿನ ಕೆಳಗೆ ಎರಡು ಸಾಲು ಕನ್ನಡ ಬರೆದರೆ ಹೇಗಿರಬೇಕು? ನಾವು ಹೀಗೆ ಬರೆಯುತ್ತೇವೆ: 'ಹೊಟ್ಟೆಯಲ್ಲಿ ಎರಡು ಕೂಸುಗಳಿವೆ, ಮಾಸು ಹಂಚಿಕೊಂಡಿವೆ. ಎರಡರ ಎದೆಬಡಿತವನ್ನೂ ಬೇರೆಬೇರೆ ನೋಡಬೇಕು.' ಇದರಲ್ಲಿ ಜೇವರ್ಗಿಯ ತಾಯಿಗೆ ತಿಳಿಯದ ಮಾತು ಒಂದೂ ಇಲ್ಲ. ಕಲಬುರಗಿಯ ವೈದ್ಯರು ಕೇಳುವ ಮೊದಲ ಪ್ರಶ್ನೆಗೆ ಉತ್ತರವೂ ಇದರಲ್ಲಿಯೇ ಇದೆ.